ವೀಳ್ಯದ ತಟ್ಟೆಯೂ ನನ್ನ ಎಡಗೈಯೂ

ಮನುಷ್ಯನನ್ನು ಉಳಿದ ಪ್ರಾಣಿಗಳಿಂದ ಬೇರೆ ಮಾಡಿದ್ದು ಅವನ ಕೈ. ಕೈಯಿಂದಲೇ ಅವನು ಬೆಂಕಿ ಹೊತ್ತಿಸಿದ, ನೇಗಿಲು ಹಿಡಿದ, ಗುಡಿ ಕಟ್ಟಿದ, ಗ್ರಂಥ ಬರೆದ. ಆದ್ದರಿಂದ ನಾಗರಿಕತೆಯೆಂದರೆ ಕೊನೆಗೆ ಮನುಷ್ಯನ ಎರಡು ಕೈಗಳ ಕಥೆಯೇ ಎಂದು ನಾನು ಒಂದು ದಿನ ಅಂಗಡಿಯಲ್ಲಿ ಕೂತು ಗಂಭೀರವಾಗಿ ಯೋಚಿಸುತ್ತಿದ್ದಾಗ, ಎದುರಿಗೆ ನಿಂತಿದ್ದ ಹೆಂಗಸೊಬ್ಬರು, "ಸಾವ್ಕಾರ್ರೇ, ಆ ಕೈಲಿ ಬ್ಯಾಡ, ಈ ಕೈಲಿ ಕೊಡಿ" ಎಂದರು. ನಾನು ಕುಂಕುಮದ ಪೊಟ್ಟಣವನ್ನು ಎಡಗೈಯಲ್ಲಿ ಚಾಚಿದ್ದೆ. ಎರಡು ಕೈಗಳ ಕಥೆ ಎಂದೆನಲ್ಲ, ಅದನ್ನು ಒಂದೂವರೆ ಕೈಯ ಕಥೆ ಎಂದು ತಿದ್ದಿಕೊಳ್ಳಬೇಕು.

ಹುಣಸೂರಿನ ಪೇಟೆಯಲ್ಲಿ ನನ್ನದೊಂದು ಗ್ರಂಥಿಗೆ ಅಂಗಡಿ. ನನ್ನ ತಂದೆ ಇಟ್ಟದ್ದು. ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಊದುಬತ್ತಿ, ಹೂಬತ್ತಿ, ಮದುವೆಗೆ ಬೇಕಾದ ತಟ್ಟೆ ಬಟ್ಟಲು, ಜೊತೆಗೆ ಕಷಾಯಕ್ಕೆ ಬೇಕಾದ ಹಿಪ್ಪಲಿ, ಜ್ಯೇಷ್ಠಮಧು. ಅಂದರೆ ಈ ಸುತ್ತಿನಲ್ಲಿ ಯಾರ ಮನೆಯಲ್ಲಿ ಶುಭಕಾರ್ಯವಾದರೂ, ಯಾರಿಗೆ ಕೆಮ್ಮು ಬಂದರೂ ಸಾಮಾನು ನನ್ನ ಕೈ ದಾಟಿಯೇ ಹೋಗಬೇಕು. ಕಸುಬು ಹೀಗೆ, ಕೈ ಹಾಗೆ. ನಾನು ಹುಟ್ಟು ಎಡಚ. ಅಪ್ಪ ಚಪ್ಪಲಿ ಅಂಗಡಿ ಇಟ್ಟು ಹೋಗಿದ್ದರೆ ಯಾರೂ ನನ್ನ ಕೈ ಕಡೆ ನೋಡುತ್ತಿರಲಿಲ್ಲ.

ನನ್ನನ್ನು ತಿದ್ದುವ ಪ್ರಯತ್ನಗಳು ನಡೆಯಲಿಲ್ಲವೆಂದು ತಿಳಿಯಬಾರದು. ಊಟಕ್ಕೆ ಕೂರಿಸುವಾಗ ಅವ್ವ ನನ್ನ ಎಡಗೈಯನ್ನು ತನ್ನ ಸೆರಗಿನ ತುದಿಯಲ್ಲಿ ಸುತ್ತಿ, ತನ್ನ ಮಂಡಿಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು. ಶಾಲೆಯಲ್ಲಿ ಮೇಷ್ಟ್ರು ಅಡಿಕೋಲಿನಿಂದ ಅದೇ ಕೈಯ ಗೆಣ್ಣಿಗೆ ಹೊಡೆದು ಬಳಪವನ್ನು ಇನ್ನೊಂದು ಕೈಗೆ ವರ್ಗಾಯಿಸಿದರು. ಹೀಗೆ ಊಟ ಮತ್ತು ಬರವಣಿಗೆ ಎಂಬ ಎರಡು ಖಾತೆಗಳು ಬಲಗೈಗೆ ಹೋದವು. ಉಳಿದದ್ದೆಲ್ಲ ಎಡಗೈಯಲ್ಲೇ ಉಳಿಯಿತು. ನನ್ನ ಬಲಗೈ ಒಂಥರಾ ಕಚೇರಿಯ ನೌಕರ. ಒಪ್ಪಿಸಿದ ಎರಡು ಕೆಲಸ ಮುಗಿಸಿ ಸುಮ್ಮನೆ ಕೂರುತ್ತದೆ. ಮೇಲೊಂದು ಕೆಲಸ ಹೇಳಿದರೆ ಅದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತದೆ. ಎಡಗೈ ಮನೆಮಗನ ಹಾಗೆ. ಕರೆಯುವ ಮೊದಲೇ ಎದ್ದು ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ಯೋಚಿಸಿ ಮಾಡುವ ಕೆಲಸವಾದರೆ ಬಲಗೈಯನ್ನು ಹೇಗಾದರೂ ಒಪ್ಪಿಸಬಹುದು. ಆದರೆ ಯಾರಾದರೂ 'ಕೊಡಿ' ಎಂದರೆ, 'ತಗೊಳ್ಳಿ' ಎಂದರೆ, ನಾನು ಅದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಎಡಗೈ ಹೋಗಿ ಕೊಟ್ಟೋ ಈಸಿಕೊಂಡೋ ಬಂದಿರುತ್ತದೆ.

ನಾವು ಲಿಂಗ ಕಟ್ಟಿಕೊಂಡವರು. ಬೆಳಗ್ಗೆ ಸ್ನಾನವಾದ ಮೇಲೆ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುತ್ತೇವೆ. ಸಾಕ್ಷಾತ್ ಶಿವನೇ ಬಂದು ಕೂರುವ ಪೀಠ ಈ ಎಡಗೈ. ಅಲ್ಲಿಂದ ಎದ್ದು ಅಂಗಡಿಗೆ ಬಂದು ಅದೇ ಕೈಯಲ್ಲಿ ಒಂದು ಬಟ್ಟಲಡಿಕೆ ಕೊಟ್ಟರೆ ಅಪಚಾರ. ದೇವರನ್ನು ಕೂರಿಸುವುದಕ್ಕೆ ಆಗುವ ಕೈ ಅಡಿಕೆ ಕೊಡುವುದಕ್ಕೆ ಯಾಕೆ ಆಗುವುದಿಲ್ಲ ಬುದ್ಧಿ ಎಂದು ಒಮ್ಮೆ ಒಂದು ಮಠದ ಹಿರಿಯ ಸ್ವಾಮಿಗಳನ್ನೇ ಕೇಳಿದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿದ್ದು, ಆಮೇಲೆ ಕಣ್ಣು ತೆರೆದು ಕಲ್ಲುಸಕ್ಕರೆಯ ಪ್ರಸಾದ ಕೊಟ್ಟರು. ನಾನು ಎಡಗೈ ಚಾಚಿದೆ. ಅವರು ಮತ್ತೆ ಕಣ್ಣು ಮುಚ್ಚಿದರು.

ಗಿರಾಕಿಗಳಲ್ಲಿ ನನಗೆ ನೆಮ್ಮದಿ ಕೊಡುವವರು ಒಬ್ಬರೇ, ಬೈಲಕುಪ್ಪೆಯಿಂದ ಆಗಾಗ ಬರುವ ಒಬ್ಬ ವಯಸ್ಸಾದ ಲಾಮಾ. ಅವರಿಗೆ ಸಾಂಬ್ರಾಣಿ ನಮ್ಮ ಅಂಗಡಿಯದೇ ಆಗಬೇಕು. ಅವರು ಏನನ್ನು ಕೊಟ್ಟರೂ ಎರಡು ಕೈಯಲ್ಲಿ ಕೊಡುತ್ತಾರೆ. ಏನನ್ನು ತೆಗೆದುಕೊಂಡರೂ ಎರಡು ಕೈ ಚಾಚಿ, ತಲೆ ಬಾಗಿಸಿ ತೆಗೆದುಕೊಳ್ಳುತ್ತಾರೆ. ಅವರನ್ನು ಕಂಡು ನಾನೂ ಎರಡೂ ಕೈ ಮುಂದೆ ಮಾಡುತ್ತೇನೆ. ಅಲ್ಲಿ ಎಡ ಯಾವುದು ಬಲ ಯಾವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬುದ್ಧಿ ಇರುವ ಮನುಷ್ಯ ಇದರಿಂದ ಏನಾದರೂ ಕಲಿತುಕೊಳ್ಳುತ್ತಿದ್ದ. ನಾನು ಸಾಂಬ್ರಾಣಿ ಮಾರಿದೆ, ಅಷ್ಟೆ.

ಹೀಗೆ ಗಿರಾಕಿಗಳ ಬಾಯಲ್ಲಿ ಅಷ್ಟಿಷ್ಟು ಅನ್ನಿಸಿಕೊಂಡು ಸಾಗುತ್ತಿದ್ದ ಬದುಕಿನಲ್ಲಿ ನಿಜವಾದ ಭಯ ಹೊಕ್ಕಿದ್ದು ಮಗಳ ಮದುವೆಯ ಮಾತು ಬಂದಾಗ. ಮಗಳು ಉಮಾ ಕೆ.ಆರ್. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಂದ ಸಂಬಂಧಗಳನ್ನೆಲ್ಲ ಒಂದಲ್ಲ ಒಂದು ಕಾರಣಕ್ಕೆ ಬೇಡ ಎಂದವಳು, ಮಿರ್ಲೆಯ ಹುಡುಗ ಕಿರಣನ ಮಾತು ಬಂದಾಗ ಮಾತ್ರ, "ನಿಮ್ಮಿಷ್ಟ ಅಪ್ಪ" ಎಂದು ಒಳಗೆ ಹೋದಳು. ಅವಳ ಬಾಯಲ್ಲಿ ಈ ಮಾತು ನಾವು ಅದುವರೆಗೆ ಕೇಳಿರಲಿಲ್ಲ. ಕಿರಣ ಕೆ.ಆರ್. ನಗರದಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಅಂಗಡಿ ಇರುವುದು ಅವಳ ಲ್ಯಾಬಿನ ಎದುರಿಗೆ. ಸಂಬಂಧ ತಂದವನು ನನ್ನ ಹೆಂಡತಿಯ ತಮ್ಮ ಮಾದೇವ. ಮಾದೇವನಿಗೆ ಸಂಬಂಧ ತಂದುಕೊಟ್ಟವಳು ನನ್ನ ಮಗಳೇ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಎಲ್ಲಾ ಮಾತು ಮುಗಿಯುತ್ತ ಬಂದಿದ್ದಾಗ ಮಾದೇವ ಒಂದು ಬೆಳಗ್ಗೆ ಮನೆಗೆ ಬಂದ. ಕಾಫಿ ಕುಡಿದ. ಲೋಟ ಕೆಳಗಿಟ್ಟ. ಮತ್ತೆ ಖಾಲಿ ಲೋಟ ಎತ್ತಿ ಕುಡಿದ.

"ಎಲ್ಲಾ ಒಪ್ಕಂಡವ್ರೆ ಬಾವ. ಉಡ್ಗ ಒಪ್ಕಂಡವ್ನೆ, ಅವ್ರಪ್ಪ ರುದ್ರಪ್ಪೋರು ಒಪ್ಕಂಡವ್ರೆ. ಬರೋ ಸ್ವಾಮಾರ ಅವ್ರ ಮನೇಲೇ ವೀಳ್ಯ ಬದ್ಲಾಯ್ಸಾನ ಅಂದವ್ರೆ. ಉಡ್ಗುನ್ ಅಜ್ಜಿ ಬಸಮ್ಮೋರ್ಗೆ ಕಾರು ಅತ್ತುದ್ರೆ ತಲೆ ಸುತ್ತಾಯ್ತದಂತೆ, ಅದ್ಕೆ ನಾವೇ ಓಗ್ಬೇಕು."

"ಅದಕ್ಕೇನಂತೆ, ಹೋಗೋಣ."

"ಓಗಾನ. ಆದ್ರೆ ಅಜ್ಜಿ ವಿಸ್ಯ ಒಂದ್ ಮಾತು. ನೀವು ಬೇಜಾರ್ ಮಾಡ್ಕಬ್ಯಾಡಿ. ಓದ್ ವರ್ಸ ಆ ಉಡ್ಗುಂಗೆ ಸಾಲಿಗ್ರಾಮದ ಕಡೆಯಿಂದ ಒಂದು ಸಂಬಂಧ ಬಂದಿತ್ತಂತೆ. ಉಡ್ಗಿ ಸೋದರಮಾವ ಅಜ್ಜಿಗೆ ಎಡಗೈಲಿ ಬಾಳೆಅಣ್ಣು ಕೊಟ್ನಂತೆ. ಅಜ್ಜಿ ಒಂದ್ ಮಾತೂ ಆಡ್ನಿಲ್ವಂತೆ. ಅಂಗೇ ಎದ್ದು ಕೊಟ್ಟಿಗೆ ಕಡೆ ಒಂಟೋದ್ರಂತೆ. ಅಷ್ಟೇಯ. ಸಂಬಂಧ ಮುಗ್ದೋಯ್ತು."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜ ನನ್ನ ಮುಖ ನೋಡಲಿಲ್ಲ. ನೇರವಾಗಿ ಕೈ ನೋಡಿದಳು. ಮಾದೇವನೂ ಅಲ್ಲೇ ನೋಡಿದ. ನಾನೂ ನೋಡಿದೆ. ನನ್ನ ಎಡಗೈ ಅಷ್ಟು ಹೊತ್ತಿಗೆ ತಟ್ಟೆಯಿಂದ ಒಂದು ಕೋಡುಬಳೆ ಎತ್ತಿಕೊಂಡು ಮಾದೇವನಿಗೆ ನೀಡುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ತರಬೇತಿ ಶುರುವಾಯಿತು. ಗಿರಿಜ ಮೊದಲು ನನ್ನ ಬಲ ಮುಂಗೈಗೆ ಒಂದು ಕೆಂಪು ದಾರ ಕಟ್ಟಿದಳು. "ಏನೇ ಕೊಡೋ ಮುಂಚೆ ದಾರ ನೋಡ್ಕೊಳ್ಳಿ. ದಾರ ಇರೋ ಕೈ ಸರಿ ಕೈ." ಉಪಾಯವೇನೋ ಒಳ್ಳೆಯದೇ. ಆದರೆ ಕರ್ಪೂರ ಕೇಳಿದವರಿಗೆ ನಾನು ಎರಡು ಕೈಯನ್ನೂ ಎತ್ತಿ ಹಿಡಿದು, ದಾರ ಹುಡುಕಿ, ಖಾತ್ರಿ ಮಾಡಿಕೊಂಡು, ಆಮೇಲೆ ಪೊಟ್ಟಣ ಎತ್ತುವಷ್ಟರಲ್ಲಿ ಗಿರಾಕಿಗಳು ಬೇಸತ್ತರು. "ಏನ್ ಸಾವ್ಕಾರ್ರೇ, ಒಂದು ಕಟ್ಟು ಊದ್‌ಬತ್ತಿಗೂ ಮುಹೂರ್ತ ನೋಡ್ತಿದ್ದೀರಾ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ನನಗೆ ಯಾರೋ ಮಾಟ ಮಾಡಿಸಿರಬೇಕು, ಅದಕ್ಕೇ ಕೆಂಪು ದಾರ ಎಂದು ಪಕ್ಕದ ಪಾತ್ರೆ ಅಂಗಡಿಯವರ ಹತ್ತಿರ ಮರುಕಪಟ್ಟರು.

ಸಾಯಂಕಾಲ ಮನೆಯಲ್ಲಿ ತಾಲೀಮು. ಗಿರಿಜ ತಲೆ ಮೇಲೆ ಸೆರಗು ಹೊದ್ದು ಕುರ್ಚಿಯಲ್ಲಿ ಅಜ್ಜಿಯಾಗಿ ಕೂರುವಳು. ನಾನು ಹೊರಗಿನಿಂದ ಬರಬೇಕು, ಶರಣು ಹೇಳಬೇಕು, ಬಾಳೆಹಣ್ಣು ಕೊಡಬೇಕು. ನಾನು ಹೊರಗಿನಿಂದ ಬಂದೆ. ಶರಣು ಹೇಳಿದೆ. ಬಾಳೆಹಣ್ಣು ಕೊಟ್ಟೆ. ಗಿರಿಜ ಮಾತಾಡದೆ ಎದ್ದು ಹಿತ್ತಲ ಕಡೆ ನಡೆದಳು. ನಮ್ಮಲ್ಲಿ ಕೊಟ್ಟಿಗೆ ಇಲ್ಲದ್ದರಿಂದ ಅವಳು ಬಟ್ಟೆ ಒಗೆಯುವ ಕಲ್ಲಿನವರೆಗೆ ಹೋಗಿ ವಾಪಸು ಬರುತ್ತಿದ್ದಳು. ಆ ವಾರ ಅವಳು ಆ ಕಲ್ಲಿಗೂ ಕುರ್ಚಿಗೂ ನಡುವೆ ಓಡಾಡಿದ್ದು ಲೆಕ್ಕವಿಲ್ಲ. ನಿಧಾನವಾಗಿ ಕೊಟ್ಟರೆ ಬಲಗೈ ಹೋಗುತ್ತಿತ್ತು. ಆದರೆ ಅವಳು ಇದ್ದಕ್ಕಿದ್ದಂತೆ, "ರೀ, ಆ ಲೋಟ ಕೊಡಿ" ಎಂದು ಕೇಳಿ ಪರೀಕ್ಷೆ ಮಾಡಿದಾಗ ಫಲಿತಾಂಶ ಮೊದಲಿನದೇ.

"ಆಗಲ್ಲ ಬಿಡಿ," ಎಂದಳು ಒಂದು ಸಂಜೆ, ಅಜ್ಜಿಯ ಸೆರಗು ತೆಗೆದು. "ನಿಮ್ಮ ಅವ್ವನ ಕೈಲೇ ಆಗ್ಲಿಲ್ಲ. ನನ್ನ ಕೈಲಿ ಎಲ್ಲಾಗುತ್ತೆ."

ಮೊದಮೊದಲು ಉಮಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಆ ಸಂಜೆ ನಗಲಿಲ್ಲ. ನಾನು ಹಿತ್ತಲಲ್ಲಿ ಒಬ್ಬನೇ ಕೂತಿದ್ದಾಗ ಬಂದು ಪಕ್ಕದಲ್ಲಿ ಕೂತಳು. "ಅಪ್ಪ, ನೀನು ತಲೆ ಕೆಡಿಸ್ಕೋಬೇಡ. ನೀನು ಹೆಂಗಿದ್ದೀಯೋ ಹಂಗೇ ಬಾ. ಒಪ್ಪೋರು ಒಪ್ತಾರೆ" ಎಂದಳು. ಅವಳು ಎದ್ದು ಹೋಗುವಾಗ ತಿರುಗಿ, "ಆದ್ರೆ ಬಾಳೆಹಣ್ಣು ಮಾತ್ರ ಮುಟ್ಟೋದಕ್ಕೆ ಹೋಗ್ಬೇಡ" ಎಂದಳು. ಮಗಳಿಗೂ ಭಯವಿದೆ ಎಂದು ಆಗ ಗೊತ್ತಾಯಿತು. ಅಲ್ಲಿಯವರೆಗೆ ನನಗಿದ್ದದ್ದು ಮರ್ಯಾದೆಯ ಭಯ. ಅಲ್ಲಿಂದ ಮುಂದೆ ಊಟ ಸೇರಲಿಲ್ಲ. ಬಲಗೈಗೆ ಇದ್ದ ಎರಡು ಕೆಲಸಗಳಲ್ಲಿ ಒಂದು ಹೀಗೆ ತಾನಾಗಿಯೇ ತಪ್ಪಿತು.

ಕೊನೆಗೆ ದಾರಿ ತೋರಿಸಿದವನು ಮಾದೇವನೇ. ಭಾನುವಾರ ಬಂದವನ ಕೈಯಲ್ಲಿ ಔಷಧಿ ಅಂಗಡಿಯ ಒಂದು ಪೊಟ್ಟಣವಿತ್ತು. ಅದರಿಂದ ಒಂದು ನೀಲಿ ಬಟ್ಟೆಯ ಜೋಲಿ ತೆಗೆದ, ಕೈ ಮುರಿದವರು ಕೊರಳಿಗೆ ಹಾಕಿಕೊಂಡು ಕೈ ತೂಗುಬಿಡುತ್ತಾರಲ್ಲ, ಅದು.

"ಕಟ್ಟಾಕ್ಬುಡಾನ ಬಾವ. ಕೈ ಉಳುಕೈತೆ ಅಂದ್ಬುಟ್ರೆ ಆಯ್ತು. ಎಡಗೈ ಇದ್ರೊಳ್ಗೆ ಕುಂತಿರ್ಲಿ. ಇನ್ನೇನು ಮಾಡ್ತೀರಿ, ಕಾಪಿ ಈಸ್ಕಳಾದು ಬಲಗೈಲಿ, ಅಣ್ಣು ಕೊಡಾದು ಬಲಗೈಲಿ. ತಪ್ಪು ಮಾಡ್ಬೇಕು ಅಂದ್ರೂ ಆಗಾಕಿಲ್ಲ."

ನಾವು ಮೂವರೂ ಅವನ ಬುದ್ಧಿವಂತಿಕೆಗೆ ತಲೆದೂಗಿದೆವು. ಇಂಥ ಗಹನವಾದ ಸಮಸ್ಯೆಗೆ ಇಷ್ಟು ಸರಳವಾದ ಪರಿಹಾರವಿದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ. ಪರಿಹಾರದಲ್ಲಿ ಒಂದು ದೊಡ್ಡ ತೂತಿತ್ತು. ಅದೂ ಯಾರಿಗೂ ಹೊಳೆಯಲಿಲ್ಲ. ಮಗಳ ಶಾಸ್ತ್ರಕ್ಕೆಂದು ಅಂಗಡಿಯಿಂದ ಅತ್ಯಂತ ಅಗಲವಾದ ಹಿತ್ತಾಳೆ ತಟ್ಟೆಯನ್ನು ಆರಿಸಿ ಬೆಳಗಿಟ್ಟಿದ್ದ ನನಗಂತೂ ಮೊದಲು ಹೊಳೆಯಬೇಕಿತ್ತು.

ಸೋಮವಾರ ಬೆಳಗ್ಗೆ ಮಾದೇವನ ಕಾರಿನಲ್ಲಿ ಹೊರಟೆವು. ಗಿರಿಜ ನನ್ನ ಕೈಯನ್ನು ಜೋಲಿಯಲ್ಲಿ ಕೂರಿಸಿ, ಮೇಲೊಂದು ಪಿನ್ನು ಹಾಕಿದಳು. ಕೈ ಕಟ್ಟಿಸಿಕೊಂಡು ಕೂತಾಗ ನನಗೆ ಅವ್ವನ ಸೆರಗು ನೆನಪಾಯಿತು. ಕೆ.ಆರ್. ನಗರ ದಾಟುವವರೆಗೂ ಮುಂದೆ ಕಬ್ಬಿನ ಟ್ರ್ಯಾಕ್ಟರು. ಗಾಳಿಗೆ ಹಾರಿಬಂದ ಕಬ್ಬಿನ ಸೋಗೆಯ ಚೂರು ನನ್ನ ಮೂಗಿನ ಮೇಲೆ ಕೂತಿತು. ತೆಗೆಯಲು ಎಡಗೈ ಜೋಲಿಯೊಳಗೆ ಒದ್ದಾಡಿತು. ಬಲಗೈ ತೊಡೆಯ ಮೇಲೆ ನಿಶ್ಚಿಂತೆಯಿಂದ ಕೂತಿತ್ತು. ಕೈ ಹೇಗೆ ಉಳುಕಿತು ಎಂದು ಕೇಳಿದರೆ ಏನು ಹೇಳುವುದೆಂಬ ಚರ್ಚೆ ದಾರಿಯುದ್ದಕ್ಕೂ ನಡೆಯಿತು. ಬಚ್ಚಲಲ್ಲಿ ಜಾರಿದ್ದು ಎಂದಳು ಗಿರಿಜ. ಸ್ಕೂಟರಿನಿಂದ ಬಿದ್ದದ್ದು ಎಂದರೆ ಗೌರವವಿರುತ್ತದೆ ಎಂದ ಮಾದೇವ. ಅಂಗಡಿಯಲ್ಲಿ ಮೂಟೆ ಎತ್ತಿದ್ದು ಎಂದು ಉಮಾ. ಚರ್ಚೆ ಮುಗಿಯುವ ಮೊದಲೇ ಮಿರ್ಲೆ ಬಂತು.

ಬಸಮ್ಮಜ್ಜಿಯನ್ನು ನಾನು ಆ ವಾರವೆಲ್ಲ ಎತ್ತರದ, ಗಟ್ಟಿ ದನಿಯ, ಬೆತ್ತ ಹಿಡಿದ ಹೆಂಗಸಾಗಿ ಕಲ್ಪಿಸಿಕೊಂಡಿದ್ದೆ. ಪಡಸಾಲೆಯ ಮಂಚದ ಮೇಲೆ ಕೂತಿದ್ದದ್ದು ಒಂದು ಪುಟ್ಟ ಜೀವ. ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಮಗ ರುದ್ರಪ್ಪನವರು, ಅವರ ಹಿಂದೆ ಮದುಮಗನಾಗಬೇಕಾದ ಕಿರಣ, ಗೋಡೆಗೊರಗಿ ನೆಂಟರಿಷ್ಟರು, ನಡುವೆ ಶಾಸ್ತ್ರ ನಡೆಸಿಕೊಡಲು ಬಂದ ಅಯ್ಯನವರು. ನಾನು ಬಲಗೈಯನ್ನು ಎದೆಗೆ ಹಚ್ಚಿ ಶರಣೆಂದೆ. ಅಜ್ಜಿಯ ಕಣ್ಣು ಜೋಲಿಯ ಮೇಲೆ ಬಿತ್ತು.

"ಏನಾಯ್ತಪ್ಪ ಕೈಗೆ?"

"ಉಳುಕಿದೆ ಅಜ್ಜಿ."

"ಎಂಗೆ ಉಳುಕ್ತು?"

ನಾನು ಬಾಯಿ ತೆರೆಯುವಷ್ಟರಲ್ಲಿ, "ಬಚ್ಚಲಲ್ಲಿ," ಎಂದಳು ಗಿರಿಜ. "ಸ್ಕೂಟ್ರು," ಎಂದ ಮಾದೇವ. ಉಮಾ ಬಾಯಿ ಬಿಟ್ಟವಳು ಹಾಗೇ ಮುಚ್ಚಿಕೊಂಡಳು. "ಬಚ್ಚಲ ಹತ್ತಿರ ನಿಲ್ಲಿಸಿದ್ದ ಸ್ಕೂಟರು," ಎಂದೆ ನಾನು.

ಅಜ್ಜಿ ನನ್ನನ್ನೇ ನೋಡಿದರು. ಒಂದು ಮಾತೂ ಆಡಲಿಲ್ಲ. ಮಂಚದಿಂದ ಕಾಲು ಇಳಿಬಿಟ್ಟು, ಗೋಡೆ ಹಿಡಿದು ಎದ್ದರು. ಪಡಸಾಲೆ ದಾಟಿದರು. ನಡುಮನೆ ದಾಟಿದರು. ಹಿಂಬಾಗಿಲ ಹೊಸ್ತಿಲು ದಾಟಿ ಕೊಟ್ಟಿಗೆಯ ಕಡೆ ತಿರುಗಿದರು.

ಮಾದೇವ ನನ್ನನ್ನು ನೋಡಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಗಿರಿಜ ಮಡಿಲಲ್ಲಿದ್ದ ಹೂವಿನ ಪೊಟ್ಟಣವನ್ನು ಹಿಂಡುತ್ತಿದ್ದಳು. ಉಮಾ ತಲೆ ತಗ್ಗಿಸಿ ತನ್ನ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಳು. ರುದ್ರಪ್ಪನವರು ಏನೂ ಆಗಿಲ್ಲವೆಂಬಂತೆ, "ಈ ಸಲ ಕಬ್ಬು ಕಡಿಯೋಕೆ ಆಳೇ ಸಿಕ್ತಿಲ್ಲ ನೋಡಿ" ಎಂದು ಹೇಳುತ್ತಿದ್ದರು. ಸಂಬಂಧ ಮುರಿದ ಮೇಲೂ ಇಷ್ಟು ಮರ್ಯಾದೆಯಿಂದ ಕಬ್ಬಿನ ವಿಷಯ ಮಾತಾಡುವ ಜನ ಎಂಥ ದೊಡ್ಡವರು ಎಂದು ನನಗೆ ಅನ್ನಿಸಿತು. ಬಾಳೆಹಣ್ಣು ಕೊಟ್ಟು ಕೆಟ್ಟವನು ಆ ಸಾಲಿಗ್ರಾಮದ ಸೋದರಮಾವ. ಏನನ್ನೂ ಕೊಡದೆ, ಕೈಯನ್ನು ಚೀಲದಲ್ಲಿ ಕಟ್ಟಿಕೊಂಡು ಬಂದೂ ಕೆಟ್ಟವನು ನಾನು. ಇನ್ನು ಮಗಳಿಗೆ ಯಾವ ಮುಖ ತೋರಿಸುವುದು? ದಿನಾ ಅದೇ ಬಸ್ಸು, ಅದೇ ಲ್ಯಾಬು, ಎದುರಿಗೆ ಅದೇ ಟ್ರ್ಯಾಕ್ಟರಿನ ಅಂಗಡಿ.

ಹಿಂಬಾಗಿಲಲ್ಲಿ ಬಳೆ ಸದ್ದಾಯಿತು. ಅಜ್ಜಿ ವಾಪಸು ಬಂದರು. ಕೈಯಲ್ಲಿ ಒಂದು ಹಳೆಯ ಸೀಸೆ. ಅದರೊಳಗೆ ಕಪ್ಪಗೆ, ಮಂದವಾಗಿ ಏನೋ ಇತ್ತು.

"ಕೊಟ್ಟಿಗೆ ಗೂಡಲ್ಲಿ ಮಡಗಿದ್ದೆ. ಎತ್ತಿನ ಕಾಲು ಉಳುಕ್ದಾಗ ಇದ್ನೇ ನೀವಾದು. ಬಿಚ್ಚಪ್ಪ ಅದ್ನ."

"ಅವ್ವ ಉಳುಕು ತಗಿಯೋದ್ರಲ್ಲಿ ಎತ್ತಿದ ಕೈ ಕಣ್ರೀ," ಎಂದರು ರುದ್ರಪ್ಪನವರು. "ಕೇರಳಾಪುರದಿಂದೆಲ್ಲ ಬತ್ತಾರೆ."

ನಾನು ಮಾದೇವನ ಕಡೆ ನೋಡಿದೆ. ಅಜ್ಜಿಯ ಬಾಳೆಹಣ್ಣಿನ ಚರಿತ್ರೆಯನ್ನು ವಿಚಾರಿಸಿಕೊಂಡು ಬಂದ ಮಹಾನುಭಾವ ಈ ಒಂದು ಸಂಗತಿಯನ್ನು ವಿಚಾರಿಸಿಕೊಂಡು ಬಂದಿರಲಿಲ್ಲ. ಅವನು ತೊಲೆ ಎಣಿಸುತ್ತಿದ್ದ. ಗಿರಿಜ ಬಂದು ಪಿನ್ನು ತೆಗೆದಳು. ನನ್ನ ಎಡಗೈ, ಜನ್ಮದಲ್ಲಿ ಇಷ್ಟು ಆರೋಗ್ಯವಾಗಿ ಎಂದೂ ಇರಲಿಲ್ಲವೆಂಬಂತೆ, ಎಲ್ಲರ ಮುಂದೆ ಹೊರಗೆ ಬಂತು.

"ಇಲ್ಲಿ ನೋಯ್ತದಾ?" ಅಜ್ಜಿ ಮಣಿಕಟ್ಟು ಒತ್ತಿದರು.

"ಹೂಂ ಅಜ್ಜಿ."

"ಇಲ್ಲಿ?"

"ಹೂಂ."

"ಇದು ಮೊಣಕೈ ಕಣಪ್ಪ."

"ಅಲ್ಲಿಗೂ ಹಬ್ಬಿದೆ ಅಜ್ಜಿ."

"ಊತ ಇಲ್ವಲ್ಲ."

"ಒಳಊತ," ಎಂದ ಮಾದೇವ, ತೊಲೆಯಿಂದ ಕಣ್ಣು ಕೀಳದೆ.

ಅಜ್ಜಿ ಎಣ್ಣೆ ಸುರಿದು ನೀವತೊಡಗಿದರು. ಆ ಪುಟ್ಟ ದೇಹದ ಬೆರಳುಗಳಲ್ಲಿ ಅಂಥ ಬಲ ಎಲ್ಲಿತ್ತೋ ಕಾಣೆ. ಎತ್ತಿನ ಕಾಲು ನೀವಿ ಅಭ್ಯಾಸವಾದ ಕೈ. ನಾನು ನೋವಿನ ಮುಖ ಮಾಡಬೇಕೆಂದು ನೆನಪಿಸಿಕೊಂಡು ಆಗಾಗ ಹಲ್ಲು ಕಚ್ಚುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ನನ್ನ ಬೆರಳುಗಳನ್ನು ಒಟ್ಟಾಗಿ ಹಿಡಿದು, "ಅಲ್ನೋಡು ಕರ" ಎಂದರು. ನಾನು ಕರು ನೋಡಲು ತಿರುಗಿದೆ. ಮಣಿಕಟ್ಟಿನಲ್ಲಿ ಲಟಕ್ ಎಂದಿತು. ಆಮೇಲೆ ನಾನು ನೋವಿನ ಮುಖ ಮಾಡುವ ಕಷ್ಟ ತೆಗೆದುಕೊಳ್ಳಬೇಕಾಗಲಿಲ್ಲ.

"ಬಂತು ಜಾಗುಕ್ಕೆ," ಎಂದರು ಅಜ್ಜಿ ತೃಪ್ತಿಯಿಂದ. ಎಲ್ಲಿಗೂ ಹೋಗದೆ ತನ್ನ ಜಾಗದಲ್ಲೇ ಇದ್ದ ಎಲುಬು ಎಲ್ಲಿಗೆ ಬಂತೋ ನನಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಮಗಳನ್ನು ಒಪ್ಪಿಸುವ ಹೊತ್ತಿನಲ್ಲಿ ತಂದೆಗೆ ಸಹಜವೆಂದು ನೆಂಟರು ಸಮಾಧಾನ ಹೇಳಿದರು. ಅಜ್ಜಿ ತಾವೇ ನನ್ನ ಕೈಯನ್ನು ಮತ್ತೆ ಜೋಲಿಗೆ ಸೇರಿಸಿದರು. ಪಿನ್ನು ಮಾತ್ರ ಹಾಕಲಿಲ್ಲ.

ಅಯ್ಯನವರು ಗಂಟಲು ಸರಿಮಾಡಿಕೊಂಡು ವೀಳ್ಯದ ತಟ್ಟೆಗಳನ್ನು ತರಿಸಿದರು. ನನ್ನ ಅಂಗಡಿಯ ಅಗಲವಾದ ಹಿತ್ತಾಳೆ ತಟ್ಟೆ ಬಂತು. ಅದರಲ್ಲಿ ವೀಳ್ಯದೆಲೆಯ ಕಟ್ಟು, ಅಡಿಕೆ, ಅರಿಶಿನ ಕುಂಕುಮದ ಬಟ್ಟಲು, ಕಲ್ಲುಸಕ್ಕರೆ, ಎರಡು ಚಿಪ್ಪು ಬಾಳೆಹಣ್ಣು, ಪಂಚೆ ಶಲ್ಯ, ನೆತ್ತಿಯಲ್ಲಿ ಕುಳ್ಳಿರಿಸಿದ ಜುಟ್ಟಿನ ತೆಂಗಿನಕಾಯಿ.

"ಹೆಣ್ಣಿನ ತಂದೆ ಏಳಿ. ತಟ್ಟೆ ಎತ್ತಿಕೊಳ್ಳಿ. ಎರಡೂ ಕೈಲಿ ಹಿಡೀಬೇಕು, ಎರಡೂ ಕೈಲಿ ಕೊಡಬೇಕು, ಎರಡೂ ಕೈಲಿ ಅವರ ತಟ್ಟೆ ತಗೋಬೇಕು," ಎಂದರು ಅಯ್ಯನವರು.

ಎರಡೂ ಕೈ. ನಾನು ಗಿರಿಜಳನ್ನು ನೋಡಿದೆ, ಗಿರಿಜ ಮಾದೇವನನ್ನು ನೋಡಿದಳು. ವೀಳ್ಯದ ತಟ್ಟೆಯನ್ನು ಈ ನಾಡಿನಲ್ಲಿ ಒಂದು ಕೈಯಲ್ಲಿ ಯಾರೂ ಕೊಟ್ಟವರಿಲ್ಲ. ಅಂಥ ತಟ್ಟೆಗಳನ್ನು ಅಪ್ಪನ ಕಾಲದಿಂದ ಮಾರುತ್ತ ಬಂದವನು ನಾನು. ನೆಟ್ಟಗೆ ಬಂದು, ಎರಡು ಕೈಯಲ್ಲಿ ತಟ್ಟೆ ಹಿಡಿದು, ಎರಡು ಕೈಯಲ್ಲಿ ಕೊಟ್ಟಿದ್ದರೆ ನಾನು ಎಡಚನೋ ಬಲಗೈಯವನೋ ಎಂದು ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಬೈಲಕುಪ್ಪೆಯ ಲಾಮಾ ನೆನಪಾದರು. ತಡವಾಗಿತ್ತು.

"ಅವ್ರ ಕೈ ಉಳುಕೈತೆ ಅಯ್ನೋರೆ," ಎಂದರು ಅಜ್ಜಿ, ನನ್ನ ಪರವಾಗಿ. "ಬಲಗೈಲೇ ಕೊಡ್ಲಿ ಬುಡಿ. ಶಿವ ಏನೂ ಅನ್ಕಳಾಕಿಲ್ಲ."

ಅಯ್ಯನವರು ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ನಾನು ಎದ್ದು ತಟ್ಟೆಯ ಅಡಿಗೆ ಬಲಗೈ ತೂರಿಸಿ ಎತ್ತಿದೆ. ಊಟ, ಬರವಣಿಗೆ ಇವೆರಡರ ಹೊರತು ಬೇರೇನೂ ಮಾಡಿ ಗೊತ್ತಿಲ್ಲದ ಕೈ ಅದು. ಅದರ ಮೇಲೆ ನಾನು ಆಗ ನನ್ನ ಮಗಳ ಮದುವೆಯನ್ನೇ ಇಟ್ಟಿದ್ದೆ. ಭಾರಕ್ಕೆ ಮುಂಗೈ ಬಾಗಿತು. ತಟ್ಟೆ ಸಣ್ಣಗೆ ವಾಲಿತು. ಮೊದಲು ಅಡಿಕೆ ಸರಿಯಿತು, ಆಮೇಲೆ ಕುಂಕುಮದ ಬಟ್ಟಲು. ತೆಂಗಿನಕಾಯಿ ತನ್ನ ಜುಟ್ಟನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಆಡಿಸಿ, ಅಂಚಿನ ಕಡೆ ಉರುಳತೊಡಗಿತು. ವೀಳ್ಯದ ತಟ್ಟೆಯ ಕಾಯಿ ನೆಲಕ್ಕೆ ಬಿದ್ದರೆ ಏನರ್ಥವೆಂದು ಆ ಪಡಸಾಲೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. "ಅಪ್ಪ" ಎಂದಳು ಉಮಾ. ಬಹಳ ಮೆಲ್ಲಗೆ.

ಕಾಯಿ ಬೀಳಲಿಲ್ಲ. ಅಂಚು ದಾಟಿದ್ದ ಕಾಯಿಯನ್ನು ಎಡಗೈ ಗಾಳಿಯಲ್ಲೇ ಹಿಡಿದು, ವಾಪಸು ತಂದು ಎಲೆಯ ಮೇಲೆ ಕೂರಿಸಿ, ಬಟ್ಟಲು ನೆಟ್ಟಗೆ ಮಾಡಿ, ತಟ್ಟೆಯ ಇನ್ನೊಂದು ಅಂಚನ್ನು ಭದ್ರವಾಗಿ ಹಿಡಿದು ನಿಂತಿತ್ತು. ಇದೆಲ್ಲ ಆದದ್ದು ನನಗೆ ಗೊತ್ತೇ ಇಲ್ಲ. ನಾನು ನೋಡುವ ಹೊತ್ತಿಗೆ ಖಾಲಿ ಜೋಲಿ ನನ್ನ ಕೊರಳಲ್ಲಿ ತೂಗುತ್ತಿತ್ತು. ನಾನು ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಶಾಸ್ತ್ರದಲ್ಲಿ ಹೇಳಿದ ಹಾಗೆ, ರುದ್ರಪ್ಪನವರ ಮುಂದೆ ನಿಂತಿದ್ದೆ. ಅವರು ತಟ್ಟೆ ತೆಗೆದುಕೊಂಡರು. ತಮ್ಮದನ್ನು ಕೊಟ್ಟರು. ಅಯ್ಯನವರು ಮಂತ್ರ ಹೇಳಿದರು. ಯಾರೂ ಅದನ್ನು ಕೇಳುತ್ತಿರಲಿಲ್ಲ. ಎಲ್ಲರೂ ನನ್ನ ಎಡಗೈಯನ್ನೇ ನೋಡುತ್ತಿದ್ದರು.

ಮುಗಿಯಿತು, ಎಲ್ಲ ಬಯಲಾಯಿತು ಎಂದುಕೊಂಡೆ. ಅಜ್ಜಿ ಮೆಲ್ಲಗೆ ಹತ್ತಿರ ಬಂದರು. ನನ್ನ ಎಡಗೈ ಹಿಡಿದು, ತಿರುಗಿಸಿ, ಎತ್ತಿ ಸಭೆಗೆ ತೋರಿಸಿದರು.

"ನೋಡ್ಕಳ್ರಪ್ಪ. ಈಗ ತಾನೇ ನೀವಿದ್ದು."

ಪಡಸಾಲೆಯಲ್ಲಿ ಒಂದು ದೀರ್ಘವಾದ ಉಸಿರು ಕೇಳಿಸಿತು. "ಅಜ್ಜಿ ಕೈಗುಣ ಅಂದ್ರೆ ಅಜ್ಜಿದೇ ಕಣ್ರಲಾ" ಎಂದರು ಯಾರೋ. ಅಯ್ಯನವರು ತಮ್ಮ ಮಂಡಿಯೂ ಬಹಳ ದಿನಗಳಿಂದ ಹಿಡಿದುಕೊಂಡಿದೆ ಎಂದರು. ಒಬ್ಬ ಮುದುಕರು ಅಲ್ಲೇ ಅಂಗಿ ಸರಿಸಿ ಭುಜ ತೋರಿಸತೊಡಗಿದರು. ಅಜ್ಜಿಯ ಮುಖ ಹೂವಾಗಿತ್ತು. ಉಮಾಳನ್ನು ಹತ್ತಿರ ಕರೆದು ತಲೆ ಸವರಿ, "ಒಳ್ಳೆ ಮನೆ ಕಣವ್ವ ನಿಂದು. ನಿಮ್ಮಪ್ಪಂದು ಒಳ್ಳೆ ಮೈ. ಬ್ಯಾಗ ಗುಣ ಆಯ್ತದೆ" ಎಂದರು. ಉಮಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಹೇಳುವುದು ಕಷ್ಟವಾಗಿತ್ತು. ಕಿರಣ ಮಾತ್ರ ಅವಳನ್ನು ನೋಡಿ ನಗುತ್ತಿದ್ದ. ನಾನು ಎಡಚನೆಂದು ಅವನಿಗೆ ಮೊದಲೇ ಗೊತ್ತಿತ್ತೆಂಬುದು ಆಮೇಲೆ ತಿಳಿಯಿತು.

ಹೊರಡುವಾಗ ರುದ್ರಪ್ಪನವರು ಕಾರಿನ ತನಕ ಬಂದರು. ನನಗೆ ತಡೆಯಲಾಗಲಿಲ್ಲ. "ಬೀಗರೇ, ಹೋದ ವರ್ಷ ಒಂದು ಸಂಬಂಧ ಬಂದಿತ್ತಂತಲ್ಲ, ಅಜ್ಜಿ ಎದ್ದು ಹೋದರಂತೆ?" ಎಂದು ಕೇಳಿದೆ.

"ಅದಾ? ಆವತ್ತು ಅಸ ಕರ ಆಕ್ತಿತ್ತು ಕಣ್ ಬೀಗ್ರೇ. ಅವ್ವ ಅಲ್ಲಿಗೆ ಓಯ್ತು. ಸಂಬಂಧ ಅವ್ರೇ ಬ್ಯಾಡ ಅಂದ್ರು, ಉಡ್ಗಿಗೆ ಬೇರೆ ಕಡೆ ಗೊತ್ತಾಯ್ತಂತೆ."

"ಎಡಗೈಯಲ್ಲಿ ಬಾಳೆಹಣ್ಣು ಕೊಟ್ಟರೆ ಅಜ್ಜಿಗೆ ಆಗುವುದಿಲ್ಲ ಅಂತ ಕೇಳಿದ್ದೆ."

"ನಮ್ಮವ್ವುಂಗಾ? ಎಡಗೈಯೋ ಬಲಗೈಯೋ ಅದ್ಯಾಕೆ ನೋಡ್ತದೆ. ಕೈ ಉಳುಕೈತಾ ಇಲ್ವಾ ಅಂತ ನೋಡ್ತದೆ, ಅಷ್ಟೇಯ."

ಹುಣಸೂರಿನ ತನಕ ಮಾದೇವ ಬಹಳ ಎಚ್ಚರಿಕೆಯಿಂದ, ರಸ್ತೆ ಬಿಟ್ಟು ಬೇರೆಲ್ಲೂ ನೋಡದೆ ಕಾರು ಓಡಿಸಿದ. ಅಜ್ಜಿ ಕೊಟ್ಟ ಎಣ್ಣೆಯ ಸೀಸೆ ನನ್ನ ತೊಡೆಯ ಮೇಲಿತ್ತು. ಅದನ್ನು ಅವರಿಂದ ಯಾವ ಕೈಯಲ್ಲಿ ಈಸಿಕೊಂಡೆನೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮದುವೆ ಆಯಿತು. ಮಗಳು ಈಗ ಮಿರ್ಲೆಯಿಂದಲೇ ಕೆಲಸಕ್ಕೆ ಹೋಗುತ್ತಾಳೆ. ಅಜ್ಜಿ ಲಟಕ್ ಅನ್ನಿಸಿದ ಮಣಿಕಟ್ಟು ಅಂದಿನಿಂದ ನೋಯುತ್ತಿದೆ. ಆ ಕೈಯಲ್ಲಿ ಏನನ್ನೂ ಎತ್ತಲಾಗುವುದಿಲ್ಲ. ಅಂಗಡಿಯಲ್ಲಿ ಈಗ ಎಲ್ಲವನ್ನೂ ಬಲಗೈಯಲ್ಲೇ ಕೊಡುತ್ತೇನೆ.